ಹಲ್ಲಿಗೆ ಸುತ್ತಿದ ದಾರ

ಆ ದಿನ ಬೆಳಿಗ್ಗೆ ಬಿಸಿಲಿತ್ತು, ಆದರೆ ಬಿಸಿಲಿಗೆ ಬಿಸಿ ಇರಲಿಲ್ಲ. ರಾತ್ರಿಯಿಡೀ ಬೀಸಿದ ಒಣ ಚಳಿಗಾಳಿ ಬೆಳಗಾದರೂ ನಿಂತಿರಲಿಲ್ಲ. ಓಣಿಯ ಧೂಳನ್ನೆಲ್ಲ ಗುಡಿಸಿ ತಂದು ಮನೆಮನೆಯ ಹೊಸಿಲಿಗೆ ಸುರಿಯುತ್ತಿತ್ತು. ಬಾಯಿ ತೆರೆದರೆ ಹಲ್ಲು ಜುಂ ಎನ್ನುವಂಥ ಗಾಳಿ. ಪೀಪಿ ಮಾವ ಮೂಗಿನಿಂದ ಗಲ್ಲದವರೆಗೆ ಮಫ್ಲರ್ ಸುತ್ತಿಕೊಂಡು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ತೊಡೆಯ ಮೇಲಿದ್ದ ಕ್ಲಾರಿನೆಟ್ಟನ್ನು ಸುಮ್ಮನೆ ನೋಡುತ್ತಿದ್ದರು.

ಪೀಪಿ ಮಾವ ಅಂದರೆ ಊರಿನ ಬ್ಯಾಂಡಿನ ಮೊದಲ ಕ್ಲಾರಿನೆಟ್. ಭಾನುವಾರ ಸಂಜೆ ಪಾರ್ಕಿನ ದುಂಡು ಕಟ್ಟೆಯ ಮೇಲೆ ಬ್ಯಾಂಡು ನುಡಿಸುವಾಗ, ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಒಂದೇ ಒಂದು ವಾದ್ಯ ಮಾತಾಡುವ ಜಾಗವೊಂದಿದೆ. ಆ ಮಾತು ಅವರದು. ಅದನ್ನು ಕೇಳಲೆಂದೇ ಜನ ಬೆಂಚು ಹಿಡಿದು ಕೂರುತ್ತಾರೆ. ಮೊದಲು ಮಕ್ಕಳು ಅವರನ್ನು ಪೀಪಿ ಮಾವ ಎಂದು ಕರೆದರು, ಆಮೇಲೆ ದೊಡ್ಡವರಿಗೂ ಅದೇ ರೂಢಿಯಾಯಿತು. ವಾರದ ಉಳಿದ ದಿನಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಕೆಟ್ಟ ವಾದ್ಯಗಳನ್ನು ರಿಪೇರಿ ಮಾಡುತ್ತಾರೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವರ ಹೆಂಡತಿಯ ಹೊಲಿಗೆ ಮಿಷನ್ನು. ಆಕೆಗೆ ಓಣಿಯವರು ಇಟ್ಟ ಹೆಸರು ಹೊಲಿಗೆ ಅತ್ತೆ. ಒಂದು ಮೂಲೆಯಲ್ಲಿ ಟಕಟಕ, ಇನ್ನೊಂದು ಮೂಲೆಯಲ್ಲಿ ಪೀಪೀ. ಆ ಗಂಡ ಹೆಂಡಿರ ಜಗಳ ಹೊರಗಿನವರಿಗೆ ಕೇಳಿಸಿದ್ದೇ ಇಲ್ಲ.

ಆ ಬೆಳಿಗ್ಗೆ ಟಕಟಕ ಮಾತ್ರ ಇತ್ತು.

“ಏನ್ರೀ, ಪೀಪಿ ಇವತ್ತು ಮಾತು ಬಿಟ್ಟಿದೆಯಾ?” ಎಂದು ಅತ್ತೆ ಮಿಷನ್ನಿನಿಂದ ತಲೆಯೆತ್ತದೆ ಕೇಳಿದರು.

ಮಾವ ಮಫ್ಲರ್ ಇಳಿಸಿ, ವಾದ್ಯದ ಮೂತಿಯನ್ನು ಬಾಯಿಗಿಟ್ಟು ಊದಿದರು. ಫುಸ್ ಎಂದಿತು. ಇನ್ನೊಮ್ಮೆ ಊದಿದರು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗಾಯಿತು.

“ಪಂಕ್ಚರ್ ಅಂಗಡಿಗೆ ಕರ್ಕೊಂಡು ಹೋಗ್ಲಾ?” ಎಂದು ಅತ್ತೆ ನಕ್ಕರು. ಮಾವ ನಗಲಿಲ್ಲ. ವಾದ್ಯದ ಮೂತಿಯ ಮೇಲೆ ಕೆಂಪಗೆ ಏನೋ ಅಂಟಿತ್ತು. ಅತ್ತೆಯ ನಗು ಅಲ್ಲಿಗೇ ನಿಂತಿತು. ಎದ್ದು ಬಂದು, ಗಂಡನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. “ಬಾಯಿ ತೆಗೀರಿ.”

ಮೇಲಿನ ಸಾಲಿನ ಮುಂದಿನ ಹಲ್ಲುಗಳಿಗೆ ಮೇಣ ತೀಡಿದ ಹಳದಿ ದಾರ ಸುತ್ತಿತ್ತು. ಸುತ್ತಿ, ಗಂಟು ಹಾಕಿ, ತುದಿ ಕತ್ತರಿಸಿ ಅಚ್ಚುಕಟ್ಟು ಮಾಡಲಾಗಿತ್ತು. ಒಸಡು ಊದಿಕೊಂಡು ಬದನೆಯ ಬಣ್ಣಕ್ಕೆ ತಿರುಗಿತ್ತು. ದಾರ ಅರ್ಧ ಕಾಣುತ್ತಿತ್ತು, ಅರ್ಧ ಒಸಡಿನೊಳಗೆ ಹೋಗಿತ್ತು.

“ಏನಿದು?”

“ಜಾಯಿಂಟ್ ಸಡಿಲ ಆಗಿತ್ತು,” ಎಂದರು ಮಾವ. “ದಾರ ಸುತ್ತಿದೆ.”

ವಾದ್ಯ ರಿಪೇರಿ ಮಾಡುವವರಿಗೆ ಇದು ದಿನದ ಕೆಲಸ. ಕ್ಲಾರಿನೆಟ್ ಒಂದೇ ತುಂಡಲ್ಲ. ಕೊಳವೆಗೆ ಕೊಳವೆ ಕೂಡಿಸಿ ಮಾಡಿದ್ದು. ಕೂಡಿದ ಜಾಗ ಸಡಿಲವಾದರೆ ಮೇಣದ ದಾರ ನಾಲ್ಕು ಸುತ್ತು ಸುತ್ತಿ ಕೂಡಿಸಿದರೆ ಮತ್ತೆ ಬಿಗಿಯಾಗುತ್ತದೆ. ಜೀವನವಿಡೀ ಹಾಗೆ ಬಿಗಿ ಮಾಡುತ್ತ ಬಂದವರಿಗೆ ತಮ್ಮ ಬಾಯಿಯೂ ಒಂದು ವಾದ್ಯದಂತೆಯೇ ಕಂಡಿತ್ತು.

“ಒಂದಷ್ಟು ದಿನ ಚೆನ್ನಾಗೇ ನಿಂತಿತ್ತು ಕಣೆ. ಈಗ ಮತ್ತೆ ಅಲ್ಲಾಡ್ತಿದೆ. ಇನ್ನೊಂದು ಸುತ್ತು ಹಾಕಿದ್ರೆ ಸರಿ ಹೋಗ್ಬಹುದು.”

“ನೀವು ಮನುಷ್ಯರೋ, ಪೀಪಿನೋ?”

“ವಯಸ್ಸಾಯ್ತಲ್ಲ. ದೇವರು ಕೊಟ್ಟಿದ್ದು, ದೇವರು ತಗೋತಾನೆ. ಅದಕ್ಕೆ ಯಾಕೆ ಕೂಗಾಡ್ತೀಯ?”

ಇಲ್ಲೇ ನೋಡಿ ಸಿಟ್ಟು ಬರುವುದು. ಹಲ್ಲುಜ್ಜುವಾಗ ರಕ್ತ ಬರಲು ತೊಡಗಿ ಎಷ್ಟೋ ಕಾಲವಾಗಿತ್ತು. ಹಲ್ಲಿನ ಬುಡದಲ್ಲಿ ಗಾರೆ ಮೆತ್ತಿದ ಹಾಗೆ ಕೊಳೆ ಗಟ್ಟಿಯಾಗಿತ್ತು, ಅದರ ಮೇಲೆ ದಿನವೂ ಸಿಗರೇಟಿನ ಹೊಗೆ ಬೇರೆ. ಬಾಯಿಯ ವಾಸನೆಗೆ ಮೊಮ್ಮಕ್ಕಳು ಮುದ್ದು ಕೊಡದೆ ಮುಖ ತಿರುಗಿಸುತ್ತಿದ್ದವು. ಒಂದು ದಿನವಾದರೂ ಯಾರಿಗಾದರೂ ತೋರಿಸಿದ್ದುಂಟೇ? ಇಲ್ಲ. ತೋರಿಸದೆ ಕೂತವರು ನಾವು, ಅಪವಾದ ದೇವರಿಗೆ. ದೇವರು ಮನುಷ್ಯನಿಗೆ ಹಲ್ಲನ್ನು ಎರಡು ಸಲ ಕೊಡುತ್ತಾನೆ, ಕೇಳದೆಯೇ ಕೊಡುತ್ತಾನೆ. ಅಂಥವನನ್ನು ಕಿತ್ತುಕೊಳ್ಳಲು ಕಾದು ಕೂತಿರುವ, ಸಾಲ ಕೊಟ್ಟವನ ಹಾಗೆ ಆಡಿಕೊಳ್ಳುವುದು ಯಾವ ಸೀಮೆಯ ಭಕ್ತಿ? ನಮ್ಮ ಉದಾಸೀನಕ್ಕೆ ಅವನ ರುಜು ಹಾಕಿಸುವುದನ್ನು ನಾವು ಯಾವಾಗ ಬಿಡುತ್ತೇವೆ?

ಅಷ್ಟರಲ್ಲಿ ಅತ್ತೆಯ ತಂಗಿ ಬಂದಳು. ಹಲ್ಲಿನ ಡಾಕ್ಟರುಗಳು ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ದಿನವೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ತಲೆ ಹಾಕಿ, ಭಾವನನ್ನು ಒಂದಿಷ್ಟು ಕೆಣಕಿ ಹೋಗದಿದ್ದರೆ ಅವಳಿಗೆ ದಿನ ಶುರುವಾಗುವುದಿಲ್ಲ. ಆ ದಿನ ಕೆಣಕಲಿಲ್ಲ. ಬಾಯಿ ನೋಡಿದವಳೇ ಹಣೆ ಚಚ್ಚಿಕೊಂಡಳು.

“ಭಾವ! ಬುದ್ಧಿ ಎಲ್ಲಿ ಇಟ್ಟಿದ್ರಿ?”

“ಯಾಕೆ, ಸ್ಕ್ರೂ ಹಾಕ್ಬೇಕಿತ್ತಾ?”

ಅವಳು ಅಡುಗೆಮನೆಗೆ ಹೋಗಿ ಒಂದು ಮೂಲಂಗಿ ತಂದಳು. ಅದರ ದಪ್ಪ ಭಾಗಕ್ಕೆ ಅಕ್ಕನ ಡಬ್ಬಿಯಿಂದ ದಾರ ತೆಗೆದು ಬಿಗಿಯಾಗಿ ಕಟ್ಟಿದಳು. “ಹಿಡ್ಕೊಳ್ಳಿ. ಈಗ ಅಲ್ಲಾಡಿಸಿ. ಪೀಪಿ ಊದೋವಾಗ ಹಲ್ಲಿನ ಮೇಲೆ ಭಾರ ಬೀಳುತ್ತಲ್ಲ, ಹಾಗೆ ಎಳೆದು ಎಳೆದು ಅಲ್ಲಾಡಿಸಿ.”

ಮಾವ ಅಲ್ಲಾಡಿಸಿದರು. ದಾರ ಮೆಲ್ಲಗೆ ಜಾರಿ ಮೂಲಂಗಿಯ ಸಣ್ಣ ತುದಿಯ ಕಡೆ ಹೋಯಿತು.

“ನಿಮ್ಮ ಪೀಪಿ ಕೊಳವೆ ಉದ್ದಕ್ಕೂ ಒಂದೇ ದಪ್ಪ. ಹಲ್ಲು ಮೂಲಂಗಿ ಇದ್ದ ಹಾಗೆ ಭಾವ. ಹೊರಗೆ ದಪ್ಪ, ಒಳಗೆ ಹೋಗ್ತಾ ಹೋಗ್ತಾ ಸಣ್ಣ. ಆ ಸಣ್ಣ ತುದಿ ಎಲ್ಲಿದೆ? ಒಸಡಿನೊಳಗೆ. ದಾರ ಎಲ್ಲಿಗೆ ಹೋಗ್ತಿದೆ? ಅಲ್ಲಿಗೇ. ಹೋಗಿ ಹೋಗಿ, ಹಲ್ಲು ಹಿಡ್ಕೊಂಡಿರೋ ಮೂಳೆನೇ ತಿಂದು ಹಾಕುತ್ತೆ. ನೀವು ಬಿಗಿ ಮಾಡಿಲ್ಲ, ಕೀಳೋಕೆ ಹಗ್ಗ ಕಟ್ಟಿದೀರ!”

ಮಾವ ಮೂಲಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇವತ್ತೇ ದೊಡ್ಡಾಸ್ಪತ್ರೆಗೆ ನಡೀರಿ. ಹಲ್ಲಿನ ವಿಭಾಗ ಇದೆ.”

“ಇವತ್ತು ಪ್ರಾಕ್ಟೀಸ್ ಇದೆ. ಭಾನುವಾರ ಪಾರ್ಕು. ಅದು ಮುಗಿದ್ಮೇಲೆ ಬರ್ತೀನಿ. ಈಗ ಹೋದ್ರೆ ಕಿತ್ತೇ ಕಳಿಸ್ತಾರೆ. ಹಲ್ಲಿನ ಡಾಕ್ಟರಿಗೆ ಕೀಳೋದು ಬಿಟ್ಟು ಇನ್ನೇನು ಕೆಲ್ಸ?”

“ಉಳಿಸೋ ಕೆಲ್ಸ. ಆದ್ರೆ ಬೇಗ ಹೋದೋರಿಗೆ ಮಾತ್ರ.”

ಮಾವ ಮಫ್ಲರ್ ಸುತ್ತಿಕೊಂಡು, ವಾದ್ಯದ ಪೆಟ್ಟಿಗೆ ಹಿಡಿದು ಹೊರಟುಹೋದರು.

ಬ್ಯಾಂಡಿನವರು ಅಭ್ಯಾಸ ಮಾಡುವುದು ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಹಾಲಿನಲ್ಲಿ. ಮರದ ನೆಲ, ತಗಡಿನ ಛಾವಣಿ, ಗೋಡೆಗೆ ಸಾಲಾಗಿ ತೂಗು ಹಾಕಿದ ಕೆಂಪು ಕೋಟುಗಳು. ಉಳಿದವರೆಲ್ಲ ನಿಲ್ಲಿಸಿದಾಗ ಮಾವ ಒಬ್ಬರೇ ನುಡಿಸಬೇಕಾದ ಜಾಗ ಬಂತು. ಉಸಿರೆಳೆದು, ವಾದ್ಯವನ್ನು ಮೇಲ್ಹಲ್ಲಿಗೆ ಒತ್ತಿ ಊದಿದರು. ಎರಡು ಸ್ವರ ಬಂದವು. ಮೂರನೆಯದಕ್ಕೆ ಬದಲಾಗಿ ಹಲ್ಲೇ ಬಂತು. ಹಳದಿ ದಾರದ ಒಂದು ತುಂಡಿನ ಸಮೇತ ನೆಲಕ್ಕೆ ಬಿದ್ದು, ಉರುಳಿ ಡ್ರಮ್ಮಿನ ಕೆಳಗೆ ಸೇರಿತು. ಡ್ರಮ್ಮಿನವನು ಮೊದಲು ನಕ್ಕ. ಮಾವನ ಬಾಯಿಂದ ಇಳಿಯುತ್ತಿದ್ದ ರಕ್ತ ನೋಡಿ ಕೋಲು ಕೆಳಗಿಟ್ಟ.

ಬ್ಯಾಂಡ್ ಮಾಸ್ಟರ್ ಕೆಟ್ಟವರೇನಲ್ಲ. ಆದರೆ ಭಾನುವಾರ ಬಂತೆಂದರೆ ಅವರಿಗೆ ಬೇರೆ ಯಾವುದೂ ಕಾಣುವುದಿಲ್ಲ. ಮಾವನ ಮುಂದಿದ್ದ ಸ್ಟ್ಯಾಂಡಿನಿಂದ ಆ ಒಂಟಿ ಭಾಗದ ಹಾಳೆ ತೆಗೆದು, ಪಕ್ಕದ ಕ್ಲಾರಿನೆಟ್‌ನವನ ಮುಂದೆ ಇಟ್ಟರು.

“ಭಾನುವಾರದೊಳಗೆ ಹಲ್ಲು ಬಂದ್ರೆ ಇದು ನಿಂದು. ಇಲ್ಲಾಂದ್ರೆ ನೀನು ಹಿಂದಿನ ಸಾಲಿಗೆ ಹೋಗು,” ಎಂದರು. “ಬಸ್ ನಿಲ್ದಾಣದ ಮೂಲೇಲಿ ಒಬ್ಬ ಇದಾನೆ, ಒಂದೇ ಗಂಟೇಲಿ ಹಲ್ಲು ಕೂರಿಸ್ತಾನೆ. ನನಗೂ ಅವನೇ ಹಾಕಿದ್ದು. ಸಿಮೆಂಟ್ ಹಾಕಿದ ಹಾಗೆ ಇದೆ.”

ಇಡೀ ಬದುಕಿನ ಹೆಸರು ಒಂದು ಹಾಳೆಯ ಜೊತೆ ಪಕ್ಕದವನ ಮುಂದೆ ಹೋಗಿ ಕೂತರೆ ಮನುಷ್ಯನಿಗೆ ಹೇಗಾಗಬೇಡ? ಮಾವ ಮನೆಗೆ ಹೋಗಲಿಲ್ಲ. ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋದರು.

ಅಲ್ಲಿ ಒಂದು ಮರದ ಗೂಡು. ನಗುವ ಬಾಯಿಯ ದೊಡ್ಡ ಬೋರ್ಡು. “ಒಂದು ಗಂಟೆಯಲ್ಲಿ ಗಟ್ಟಿ ಹಲ್ಲು. ತೆಗೆಯುವ ತಾಪತ್ರಯವಿಲ್ಲ.” ಗಾಜಿನ ಬಾಟಲಿಗಳ ತುಂಬ ಕಡಲೆಯ ಹಾಗೆ ಹಲ್ಲುಗಳು. ಒಂದು ಸ್ಟೂಲು, ಒಂದು ಇಕ್ಕಳ, ಬೂದಿ ಬಣ್ಣದ ನೀರು ತುಂಬಿದ ಒಂದು ಲೋಟ. ಮಾವನಿಗಿಂತ ಮೊದಲು ಬಂದವನ ಬಾಯಿಂದ ತೆಗೆದ ಇಕ್ಕಳವನ್ನು ಹಲ್ಲಿನವನು ಆ ಲೋಟದಲ್ಲಿ ಅದ್ದಿ, ಅಂಗಿಗೆ ಒರೆಸಿ, ಮಾವನ ಬಾಯಿಗೆ ಹಾಕಿದ. ಒಳಗೆ ಮೂಳೆ ಹೇಗಿದೆ ಎಂದು ನೋಡಲಿಲ್ಲ. ಗಾಯ ಮಾಯಲಿ ಎಂದು ಕಾಯಲಿಲ್ಲ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಲಿಲ್ಲ. ಒಂದು ಪುಡಿಗೆ ಒಂದು ದ್ರಾವಣ ಸುರಿದು ಕಲಸಿದ. ಮೂಗು ಸುಡುವ ವಾಸನೆ ಬಂತು. ಇನ್ನೂ ಅಲ್ಲಾಡುತ್ತಿದ್ದ ಅಕ್ಕಪಕ್ಕದ ಹಲ್ಲುಗಳಿಗೆ ತಂತಿ ಬಿಗಿದು, ನಡುವೆ ಒಂದು ಹಲ್ಲಿಟ್ಟು, ಆ ಕಲಸಿದ್ದನ್ನು ಹಸಿ ಗಾಯದ ಮೇಲೆಯೇ ಮೆತ್ತಿದ. ಬಾಯೊಳಗೆ ಅದು ಬಿಸಿಯಾಗಿ, ಕಲ್ಲಾಯಿತು.

“ಆಯ್ತು ಹೋಗಿ. ಇನ್ನು ನೀವು ಸತ್ರೂ ಈ ಹಲ್ಲು ಬೀಳಲ್ಲ,” ಎಂದ.

ಹೀಗೆ ಹೇಳಿ ನಗುವವನ ಮುಂದೆ ಜನ ಸಾಲು ನಿಲ್ಲುತ್ತಾರೆ. ಮನುಷ್ಯನ ಬಾಯಿ ಎಂದರೆ ಒಡೆದ ತೊಟ್ಟಿಯೇ, ಗಾರೆ ಮೆತ್ತಿ ಹೋಗುವುದಕ್ಕೆ? ಪ್ರಾರ್ಥನೆ ಮಾಡುವುದು ಇದೇ ಬಾಯಿಂದ, ಮಗುವನ್ನು ಕರೆಯುವುದು ಇದೇ ಬಾಯಿಂದ. ಅದರೊಳಗೆ ಕೈ ಹಾಕುವವನು ಕೈಯನ್ನಾದರೂ ತೊಳೆಯಬೇಡವೇ!

ಭಾನುವಾರ ಪಾರ್ಕಿನಲ್ಲಿ ಆ ಒಂಟಿ ಭಾಗವನ್ನು ಮಾವನೇ ನುಡಿಸಿದರು. ಜನ ಚಪ್ಪಾಳೆ ತಟ್ಟಿದರು. ಕಟ್ಟೆಯ ಕೆಳಗೆ ನಾದಿನಿ ಕಾದು ನಿಂತಿದ್ದಳು.

“ಹಲ್ಲು ಯಾರು ಮಾಡಿದ್ದು ಭಾವ? ನಮ್ಮ ಲ್ಯಾಬಿಗಂತೂ ಅಚ್ಚು ಬಂದಿಲ್ಲ.”

“ನಿಮ್ಮ ವ್ಯಾಪಾರ ತಪ್ಪಿತು ಅಂತ ಹೊಟ್ಟೆಕಿಚ್ಚಾ?”

“ಅಳತೆ ಇಲ್ಲದೆ, ಗಾಯ ಮಾಯದೆ ಯಾರೂ ಹಲ್ಲು ಕಟ್ಟಲ್ಲ. ಬಾಯಿ ತೆಗೀರಿ ನೋಡೋಣ.”

“ಚಪ್ಪಾಳೆ ಕೇಳಿಸ್ಲಿಲ್ವಾ ನಿಂಗೆ?” ಎಂದು ಮಾವ ಬಾಯಿ ಮುಚ್ಚಿಕೊಂಡು ಮನೆಗೆ ನಡೆದರು.

ವಾರ ಕಳೆಯುವುದರೊಳಗೆ ಮೇಲ್ದುಟಿ ಊದಿತು. ಮಾರನೆಯ ದಿನ ಕೆನ್ನೆ ಊದಿತು. ಅದರ ಮಾರನೆಯ ದಿನ ಬಾವು ಕಣ್ಣಿನ ಕೆಳಗೆ ಬಂದು ನಿಂತಿತು. ಜ್ವರ ಬಂತು. ಬಾಯಿಯ ವಾಸನೆಗೆ ಮಾವನಿಗೇ ಹೇಸಿಗೆಯಾಯಿತು. ಕನ್ನಡಿಯ ಮುಂದೆ ನಿಂತು ಬೆರಳು ಹಾಕಿ ಎಳೆದರು. ಬರಲಿಲ್ಲ. ಎಳೆದರೆ ಪಕ್ಕದ ಹಲ್ಲೂ ಜೊತೆಗೆ ಬರುವಂತಿತ್ತು.

“ಅವನೇ ಹಾಕಿದ್ದು, ಅವನೇ ತೆಗೀತಾನೆ,” ಎಂದು ಹಟ ಹಿಡಿದರು. ಅತ್ತೆ ಹೊಲಿಯುತ್ತಿದ್ದ ಕೋಟನ್ನು ಅಲ್ಲೇ ಬಿಟ್ಟು, ಕೊರಳಲ್ಲಿ ಅಳತೆಯ ಟೇಪು ಇದ್ದ ಹಾಗೆಯೇ ಗಂಡನ ಜೊತೆ ಹೊರಟರು.

ಗೂಡಿನ ಮುಂದೆ ಬೆಂಚಿನ ತುಂಬ ಜನ. ಸ್ಟೂಲಿನ ಮೇಲೆ ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಒಬ್ಬ ಮುದುಕ ಕೂತಿದ್ದ. ಹಲ್ಲಿನವನು ಮಾವನ ಮುಖ ನೋಡಿ, ಏನೂ ಆಗಿಲ್ಲವೆಂಬಂತೆ, “ಉಪ್ಪುನೀರು ಮುಕ್ಕಳಿಸಿ. ಹೊಸ ಹಲ್ಲು, ಒಗ್ಗೋಕೆ ಟೈಮ್ ಬೇಕು. ನಿಮ್ಮ ಮೈಯಲ್ಲೇ ನಂಜಿದೆ,” ಎಂದ.

“ತೆಗೆದುಕೊಡು,” ಎಂದರು ಅತ್ತೆ.

“ತೆಗೆಯೋಕೆ ಬರಲ್ಲಮ್ಮ. ಅದಕ್ಕೇ ಗಟ್ಟಿ ಹಲ್ಲು ಅನ್ನೋದು.”

ಅತ್ತೆ ಬೆಂಚಿನವರ ಕಡೆ ತಿರುಗಿದರು. ಅವರ ದನಿ ಏರಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು.

“ನಾನು ಟೈಲರ್. ಕೋಟು ಬಿಗಿಯಾಯ್ತು ಅಂದ್ರೆ ಬಿಚ್ಚಿ ಮತ್ತೆ ಹೊಲಿದು ಕೊಡ್ತೀನಿ. ಬಿಚ್ಚೋಕೆ ಬರದ ಹೊಲಿಗೆ ಹಾಕೋರು ಟೈಲರ್ ಅಲ್ಲ. ಅದೂ ಬಟ್ಟೆಗೆ ಹೊಲಿಯೋದು ನಾನು. ಇವನು ಮನುಷ್ಯರ ಬಾಯಿಗೆ ಹೊಲೀತಿದಾನೆ, ಬಿಚ್ಚೋದು ಗೊತ್ತಿಲ್ಲ ಅಂತಾನೆ.” ಮತ್ತೆ ಅವನ ಕಡೆ ತಿರುಗಿದರು. “ಅಳತೆ ತಗೊಂಡ್ಯಾ? ಒಳಗೆ ಹಲ್ಲಿನ ಬೇರು ಮುರಿದು ಉಳಿದಿದೆಯಾ ಅಂತ ನೋಡಿದ್ಯಾ? ಕೈ ತೊಳೆದ್ಯಾ?”

“ಕೇಳೋಕೆ ನೀವ್ಯಾರಮ್ಮ?”

“ಈ ಬಾಯಿಗೆ ದಿನಾ ಊಟ ಬಡಿಸೋಳು. ಆ ಇಕ್ಕಳ ತಗೋ. ಆ ಲೋಟದ ನೀರಲ್ಲೇ ಅದ್ದು. ಈ ಎಲ್ಲರ ಎದುರಿಗೆ ನಿನ್ನ ಬಾಯಿಗೆ ಇಟ್ಕೋ. ಇಟ್ಕೊಂಡ್ರೆ ನಾನು ಕ್ಷಮೆ ಕೇಳಿ ಹೋಗ್ತೀನಿ.”

ಅವನು ಇಕ್ಕಳವನ್ನು ನೋಡಿದ. ಬೆಂಚಿನವರು ಅವನನ್ನು ನೋಡಿದರು. ಇಕ್ಕಳ ಇದ್ದಲ್ಲೇ ಇತ್ತು. ಸ್ಟೂಲಿನ ಮೇಲಿದ್ದ ಮುದುಕ ಕೊರಳಿನ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ, ಮಡಿಸಿ, ಗೂಡಿನ ಹಲಗೆಯ ಮೇಲಿಟ್ಟು ಎದ್ದ.

ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗ ಉದ್ದನೆಯ ಕಾರಿಡಾರಿನ ಕೊನೆಯಲ್ಲಿದೆ. ಅಕ್ಕ ಫೋನ್ ಮಾಡಿ ಹೇಳಿದ್ದರಿಂದ ನಾದಿನಿ ಆಗಲೇ ಬಂದು ಚೀಟಿ ಮಾಡಿಸಿ ಕಾಯುತ್ತಿದ್ದಳು. “ನಾನು ಹೇಳಿದ್ದೆ” ಎನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಭಾವನ ಮುಖ ನೋಡಿ ನುಂಗಿಕೊಂಡಳು.

ಡಾಕ್ಟರಮ್ಮ ಕೈ ತೊಳೆದು, ಹೊಸ ಕೈಗವಸು ಹಾಕಿಕೊಂಡು, ಮೊಹರಾದ ಪೊಟ್ಟಣವನ್ನು ಮಾವನ ಕಣ್ಣೆದುರೇ ಹರಿದು ಸಲಕರಣೆ ತೆಗೆದರು. “ಇನ್ನೂ ತಡ ಮಾಡಿದ್ರೆ ಜೀವಕ್ಕೇ ಬರ್ತಿತ್ತು,” ಎಂದರು. “ಬಾವು ಕಣ್ಣಿನ ಕಡೆ ಏರಿದ್ರೂ ಕಷ್ಟ, ಗಂಟಲ ಕಡೆ ಇಳಿದ್ರೂ ಕಷ್ಟ. ಹಲ್ಲಿನ ನಂಜು ಹಲ್ಲಲ್ಲೇ ನಿಲ್ಲಲ್ಲ ಯಜಮಾನ್ರೇ.” ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಆ ಗಾರೆಯನ್ನು ಚೂರುಚೂರಾಗಿ ಕೊರೆದು ತೆಗೆದರು. ತಂತಿ ಬಿಚ್ಚಿದರು. ಕೀವು ಹೊರಬಂತು. ಒಸಡಿನ ಆಳದಿಂದ ಒಂದು ಇಂಚಿನಷ್ಟು ಹಳದಿ ದಾರವನ್ನೂ ಎಳೆದು ಬಟ್ಟಲಲ್ಲಿ ಹಾಕಿದರು. ಮಾವ ಅದನ್ನು ನೋಡಿ ಮುಖ ಪಕ್ಕಕ್ಕೆ ತಿರುಗಿಸಿದರು.

ಬಾವು ಇಳಿದು, ಜ್ವರ ಬಿಟ್ಟ ಮೇಲೆ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. “ಒಂದು ಹೋಯ್ತು, ಅದು ಬರಲ್ಲ. ಅಕ್ಕಪಕ್ಕದ್ದು ಅಲ್ಲಾಡ್ತಿವೆ, ಆದ್ರೆ ಇನ್ನೂ ಉಳಿಸ್ಬಹುದು. ಮೊದಲು ಬೇರಿನ ತನಕ ಕೊಳೆ ತೆಗೀಬೇಕು. ಸಿಗರೇಟು ಬಿಡಬೇಕು, ಇಲ್ಲಾಂದ್ರೆ ಒಸಡು ಮಾಯಲ್ಲ. ಆಮೇಲೆ ಅಲ್ಲಾಡೋ ಹಲ್ಲುಗಳನ್ನ ಗಟ್ಟಿ ಇರೋ ಹಲ್ಲುಗಳ ಜೊತೆ ಸೇರಿಸಿ ಕಟ್ಟೋಣ.”

“ಕಟ್ಟೋದಾ?” ಮಾವನಿಗೆ ಸಿಟ್ಟೇ ಬಂತು. “ನಾನೂ ಅದನ್ನೇ ತಾನೇ ಮಾಡಿದ್ದು! ನಾನು ಕಟ್ಟಿದ್ರೆ ತಪ್ಪು, ನೀವು ಕಟ್ಟಿದ್ರೆ ಸರಿನಾ?”

ಡಾಕ್ಟರಮ್ಮ ನಕ್ಕರು. “ನೀವು ಕಟ್ಟಿದ್ದು ಕೊಳೆಯ ಮೇಲೆ, ಒಸಡಿನ ಬುಡಕ್ಕೆ, ಜಾರೋ ದಾರದಲ್ಲಿ. ನಾನು ಕೊಳೆ ತೆಗೆದು, ಹಲ್ಲಿನ ಬೆನ್ನಿಗೆ ಒಂದು ಸಣ್ಣ ಪಟ್ಟಿ ಅಂಟಿಸ್ತೀನಿ. ಅದು ಒಸಡನ್ನ ಮುಟ್ಟಲ್ಲ, ಜಾರಲ್ಲ. ಅದರ ಕೆಳಗೆ ಬ್ರಷ್ ಆಡುತ್ತೆ. ಹಲ್ಲುಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಲ್ತವೆ.”

“ಮತ್ತೆ ಹೋದ ಹಲ್ಲು? ಗಟ್ಟಿಯಾಗಿ ಕೂರೋದೇ ಬೇಕು ನನಗೆ. ತೆಗೆದು ಹಾಕೋದು ಬೇಡ.”

“ಕೂರಿಸೋ ಹಲ್ಲೂ ಇದೆ. ಎರಡು ಪಕ್ಕದ ಹಲ್ಲಿನ ಮೇಲೆ ಸೇತುವೆ ಥರ ಕೂರಿಸೋದು ಒಂದು. ಆದ್ರೆ ನಿಮ್ಮ ಸೇತುವೆಯ ಕಂಬಗಳೇ ಅಲ್ಲಾಡ್ತಿವೆ. ಮೂಳೆಗೆ ಲೋಹದ ಬೇರು ಇಟ್ಟು ಅದರ ಮೇಲೆ ಹಲ್ಲು ಕೂರಿಸೋದು ಇನ್ನೊಂದು. ಅದಕ್ಕೆ ಮೂಳೆ ಬೇಕು, ಆರೋಗ್ಯವಾದ ಒಸಡು ಬೇಕು. ಅದನ್ನ ಮುಂದೆ ಯೋಚಿಸೋಣ. ಈಗ ನಿಮಗೆ ಸರಿಯಾದ್ದು ತೆಗೆದು ಹಾಕೋ ಹಲ್ಲೇ. ತೆಗೆಯೋಕೆ ಬರುತ್ತೆ ಅಂದ್ರೆ ತೊಳೆಯೋಕೆ ಬರುತ್ತೆ ಅಂತ ಅರ್ಥ.”

“ಊದುವಾಗ ಜಾರಿ ಬಿದ್ರೆ? ಪಾರ್ಕಿನಲ್ಲಿ ಜನ ಸಂಗೀತ ಬಿಟ್ಟು ಹಲ್ಲು ಹುಡುಕ್ತಾರೆ.”

“ಮುಂದಿನ ಸಲ ಬರುವಾಗ ವಾದ್ಯ ತಗೊಂಡು ಬನ್ನಿ.”

ಕೊಳೆ ತೆಗೆಸುವುದಕ್ಕೆ ಹಲವು ಸಲ, ಪಟ್ಟಿ ಅಂಟಿಸುವುದಕ್ಕೆ ಒಂದು ಸಲ ಹೋದರು. ಗಾಯ ಮಾಯುವವರೆಗೆ ಕಾದರು. ಬ್ಯಾಂಡಿನಲ್ಲಿ ಅಷ್ಟು ದಿನವೂ ಹಿಂದಿನ ಸಾಲಿನಲ್ಲಿ ಕೂತು, ವಾದ್ಯ ಊದದೆ ಬೇರೆಯವರ ಹಾಳೆ ತಿರುವಿದರು. ಕೊನೆಗೆ ಡಾಕ್ಟರಮ್ಮ ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದರು. ನಾದಿನಿಯೇ ಮೊದಲು ಮೇಣದಲ್ಲಿ ಹಲ್ಲು ಕೂರಿಸಿ ತಂದಳು. ಮಾವ ಅದನ್ನು ಹಾಕಿಕೊಂಡು ವಾದ್ಯದ ಮೂತಿಯನ್ನು ಕಚ್ಚಿದರು.

“ಊದಬೇಡಿ ಭಾವ, ಇದು ಬರೀ ಮೇಣ! ಹಿಡ್ಕೊಳ್ಳಿ ಅಷ್ಟೇ.”

ವಾದ್ಯ ಎಲ್ಲಿ ತಾಗುತ್ತದೆ, ಎಷ್ಟು ಒತ್ತುತ್ತದೆ ಎಂದು ಡಾಕ್ಟರಮ್ಮ ಬಗ್ಗಿ ನೋಡಿ ಗುರುತು ಹಾಕಿದರು. ಅದಕ್ಕೆ ತಕ್ಕಂತೆ ಹಿಂದಿನ ಗಟ್ಟಿ ಹಲ್ಲುಗಳನ್ನು ಹಿಡಿಯುವ ಕೊಂಡಿ ಇಡಿಸಿದರು. ಮುಂಬಲ್ಲಿನ ಮೇಲೆ ಭಾರ ಕಡಿಮೆಯಾಗಲೆಂದು ವಾದ್ಯದ ಮೂತಿಗೆ ರಬ್ಬರಿನ ಚಿಕ್ಕ ತುಂಡು ಅಂಟಿಸಲು ಹೇಳಿದರು. ಹಲ್ಲು ಪೂರ್ತಿ ತಯಾರಾಗಿ ಬಂದ ದಿನ ಮಾವ ಆಸ್ಪತ್ರೆಯ ಕುರ್ಚಿಯಲ್ಲೇ ಕೂತು ಊದಿದರು. ಬಂದ ಸ್ವರ ಮೇಕೆಮರಿಯದು. ಕಾರಿಡಾರಿನಲ್ಲಿ ಕಾಯುತ್ತಿದ್ದವರೊಬ್ಬರು ಬಾಗಿಲಿಗೆ ಬಂದು, “ಹಲ್ಲು ಕೀಳಿಸ್ಕೊಳ್ಳೋರು ಹಿಂಗೂ ಕೂಗ್ತಾರಾ?” ಎಂದು ಕೇಳಿದರು. ಡಾಕ್ಟರಮ್ಮನೂ ನಕ್ಕರು. ಎರಡನೆಯ ಸಲ ಊದಿದಾಗ ಯಾರೂ ನಗಲಿಲ್ಲ. ಅದು ಪಾರ್ಕಿನ ಸ್ವರವೇ ಆಗಿತ್ತು. ಹಲ್ಲು ಕದಲಲಿಲ್ಲ.

ಮೊದಮೊದಲು ಬಾಯಿ ತುಂಬ ಜೊಲ್ಲು. ‘ಸ’ ಎಂದರೆ ಸೀಟಿ. “ಈಗ ಪೀಪಿ ಇಲ್ಲದೇನೂ ಪೀಪಿ ಬರ್ತಿದೆ ಭಾವ,” ಎಂದು ನಾದಿನಿ ಹಂಗಿಸಿದಳು. ದಿನವೂ ಗಟ್ಟಿಯಾಗಿ ಓದಿ, ಮೆಲ್ಲಗೆ ಅಗಿದು ರೂಢಿ ಮಾಡಿಕೊಂಡರು. ಮಲಗುವ ಮೊದಲು ಹಲ್ಲು ತೆಗೆದು, ಮೆತ್ತನೆಯ ಬ್ರಷ್ಷಿನಿಂದ ತೊಳೆದು, ನೀರಿನ ಬಟ್ಟಲಲ್ಲಿ ಇಡುತ್ತಾರೆ. ಅತ್ತೆಯ ಬಾಯಿಯನ್ನೂ ಡಾಕ್ಟರಮ್ಮನಿಗೆ ತೋರಿಸಿದರು. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಹರಿದು ಅವರ ಮುಂಬಲ್ಲಿಗೆ ಗರಗಸದ ಹಾಗೆ ಕಚ್ಚು ಬಿದ್ದಿತ್ತು. “ಊರಿಗೆಲ್ಲ ಬುದ್ಧಿ ಹೇಳಿದವಳು ನೀನೇನಾ?” ಎಂದು ಮಾವ ಕೇಳಿದಾಗ ಅತ್ತೆ ಕತ್ತರಿಗೆ ದಾರ ಕಟ್ಟಿ ಮಿಷನ್ನಿಗೆ ತೂಗು ಹಾಕಿದರು.

ಬ್ಯಾಂಡಿನಲ್ಲಿ ಏನಾಯಿತೆಂದು ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ಮಾತು.

ಈ ಕಥೆ ಕೇಳುತ್ತಿರುವ ಅಕ್ಕ, ಅಣ್ಣ, ಹಲ್ಲುಜ್ಜುವಾಗ ನಿಮಗೆ ರಕ್ತ ಬರುತ್ತಿದೆಯೇ? ಅದು ವಯಸ್ಸಲ್ಲ, ವಿಧಿಯಲ್ಲ. ಅದು ಒಸಡಿನ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಹಲ್ಲು ಅಲ್ಲಾಡುವವರೆಗೆ ಕಾಯಬೇಡಿ. ಅಲ್ಲಾಡಿದರೂ ದಾರ, ರಬ್ಬರು, ತಂತಿ, ಅಂಟು ಎಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ನಿಮ್ಮ ಕಸುಬಿನ ಜಾಣತನ ನಿಮ್ಮ ಕಸುಬಿಗೇ ಇರಲಿ. ಒಂದು ಗಂಟೆಯಲ್ಲಿ ಹಲ್ಲು ಮೆತ್ತುವವನ ಗೂಡಿನ ಮುಂದೆ ಕೂತಿದ್ದರೆ ಈಗಲೇ ಏಳಿ. ತೊಳೆಯಲು ಬಾರದ, ತೆಗೆಯಲು ಬಾರದ ಆ ಗಾರೆ ಉಳಿದ ಒಳ್ಳೆಯ ಹಲ್ಲನ್ನೂ ತಿನ್ನುತ್ತದೆ. ಕೊಳಕು ಇಕ್ಕಳದಿಂದ ಇನ್ನೊಬ್ಬರ ರಕ್ತದ ರೋಗ ನಿಮಗೆ ಬಂದೀತು. ಓದಿ, ನೋಂದಣಿ ಮಾಡಿಸಿಕೊಂಡ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ನಿಮ್ಮ ಬಾಯಿಗೆ ಯಾವ ಹಲ್ಲು ಸರಿ, ಯಾಕೆ ಸರಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಇನ್ನೊಂದು ಮಾತು: ಏಟು ಬಿದ್ದು ಶಾಶ್ವತ ಹಲ್ಲು ಪೂರ್ತಿಯಾಗಿ ಹೊರಬಂದರೆ ಅದರ ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಿನಲ್ಲಿ ಹಾಕಿಕೊಂಡು ಆ ಕ್ಷಣವೇ ಡಾಕ್ಟರ ಹತ್ತಿರ ಓಡಿ. ಅದನ್ನೇ ಮತ್ತೆ ಕೂರಿಸಿ, ಪಕ್ಕದ ಹಲ್ಲುಗಳಿಗೆ ಆಸರೆ ಕಟ್ಟಿ ಉಳಿಸಲು ಆಗಬಹುದು. ದೇವರು ಎರಡು ಸಲ ಹಲ್ಲು ಕೊಟ್ಟು, ಮೂರನೆಯ ಸಲಕ್ಕೆ ಬುದ್ಧಿ ಕೊಟ್ಟಿದ್ದಾನೆ. ಅದನ್ನು ಬಳಸದಿರುವುದೇ ಅವನಿಗೆ ಮಾಡುವ ಅವಮಾನ.

ಇನ್ನು ಬ್ಯಾಂಡಿನ ಸಂಗತಿ. ಹೊಸ ಹಲ್ಲು ಹಾಕಿಕೊಂಡು ಅಭ್ಯಾಸಕ್ಕೆ ಹೋದ ಮೊದಲ ಸಂಜೆ ಮಾವ ಹಿಂದಿನ ಸಾಲಿನಲ್ಲೇ ಕೂತರು. ಬ್ಯಾಂಡ್ ಮಾಸ್ಟರ್ ತಡವಾಗಿ ಬಂದರು. ಅವರ ಒಂದು ಕೆನ್ನೆ ದಪ್ಪಗಿತ್ತು, ತುಟಿಗಳ ನಡುವೆ ಹತ್ತಿ ಕಾಣುತ್ತಿತ್ತು, ಕೋಟಿನ ಜೇಬಿನಿಂದ ದೊಡ್ಡಾಸ್ಪತ್ರೆಯ ಚೀಟಿ ಇಣುಕುತ್ತಿತ್ತು. ಸಿಮೆಂಟ್ ಹಾಕಿದ ಹಾಗಿದ್ದ ಅವರ ಹಲ್ಲನ್ನು ಆ ದಿನ ಮಧ್ಯಾಹ್ನ ಕೊರೆದು ತೆಗೆದಿದ್ದರು. ತಮ್ಮ ಜಾಗಕ್ಕೆ ಹೋಗದೆ ಅವರು ಮುಂದಿನ ಸಾಲಿಗೆ ಹೋದರು. ಅಲ್ಲಿನ ಸ್ಟ್ಯಾಂಡಿನಿಂದ ಒಂಟಿ ಭಾಗದ ಹಾಳೆ ತೆಗೆದು, ಮಡಿಕೆಯನ್ನು ಅಂಗೈಯಿಂದ ನೇವರಿಸಿ ಸರಿ ಮಾಡಿದರು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹಿಂದಿನ ಸಾಲಿಗೆ ಬಂದು, ಎರಡೂ ಕೈಯಲ್ಲಿ ಹಿಡಿದು ಅದನ್ನು ಮಾವನ ಕೈಗೆ ಕೊಟ್ಟರು.